ಸುದ್ದಿಯಲ್ಲಿ ಯುದ್ಧ, ಕೈಯಲ್ಲಿ ಡೈವಿಂಗ್ ಬುಕಿಂಗ್: ಹೋಗುವುದೋ, ಬಿಡುವುದೋ?

ಫುಜೈರಾದ ಅಲ್ ಅಖಾದಲ್ಲಿ ರೂಮು ಬುಕ್ ಆಗಿದೆ. ಊರಿನಿಂದ ತಂಗಿ, ಭಾವ ರಜೆಗೆ ಬರುವವರಿದ್ದಾರೆ. ಅವರನ್ನೂ ಕರೆದುಕೊಂಡು ಶನಿವಾರ, ಭಾನುವಾರ ಎರಡು ದಿನ ಸಮುದ್ರಕ್ಕಿಳಿಯುವುದೆಂದು ಮಾತಾಗಿದೆ. ಅಷ್ಟರಲ್ಲಿ ಹೊರ್ಮುಜ್ ಜಲಸಂಧಿಯ ಸುದ್ದಿ ಟಿವಿಯಲ್ಲಿ ಓಡತೊಡಗುತ್ತದೆ. ಮಂಗಳೂರಿನಿಂದ ಅಮ್ಮನ ಫೋನು: "ಅಲ್ಲೆಲ್ಲ ಗಲಾಟೆಯಂತಲ್ಲ ಮಗಾ, ಈಗಲೇ ಬೇಕಿತ್ತಾ ಅದು?" ದುಬೈನಲ್ಲಿ ಪಕ್ಕದ ಫ್ಲಾಟಿನವರ ಮಾತು ಇದಕ್ಕೆ ತದ್ವಿರುದ್ಧ: "ಏನೂ ಇಲ್ಲ ಮಾರಾಯ್ರೆ, ಮಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ."

ಇಬ್ಬರೂ ಹೇಳುವುದು ಒಂದೇ ವಿಷಯದ ಬಗ್ಗೆ: ತಲೆಯ ಮೇಲೆ ಏನಾದರೂ ಬೀಳುತ್ತದೆಯೋ ಇಲ್ಲವೋ. ಅದನ್ನು ನೀವಾಗಲಿ ನಾನಾಗಲಿ ಲೆಕ್ಕ ಹಾಕಿ ಹೇಳುವ ಹಾಗಿಲ್ಲ. ಲೆಕ್ಕ ಹಾಕಬಹುದಾದ ಪ್ರಶ್ನೆ ಬೇರೆಯೇ ಇದೆ. ವಿಮಾನ, ಬಂದರು, ಗಡಿ ಎಲ್ಲವೂ ಮೂರು ದಿನ ಮುಚ್ಚಿದರೆ ನಾನು ಇದ್ದಲ್ಲೇ ಕ್ಷೇಮವಾಗಿ ಇರಬಲ್ಲೆನೇ? ಅದರ ಖರ್ಚು ಯಾರ ಮೇಲೆ ಬೀಳುತ್ತದೆ? ಈ ಲೇಖನ ಇರುವುದು ಆ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲು.

ಸ್ವಲ್ಪ ಹಿನ್ನೆಲೆ

ಈ ಸಮುದ್ರಕ್ಕೂ ಸಂಘರ್ಷಕ್ಕೂ ನಂಟು ಹಳೆಯದು. ಬಾಂಬೆ ಮತ್ತು ಬಸ್ರಾ ನಡುವೆ ಓಡಾಡುತ್ತಿದ್ದ 'ದಾರಾ' ಹಡಗು 1961ರ ಏಪ್ರಿಲ್ 8ರಂದು ದುಬೈ ಸಮೀಪ ಸ್ಫೋಟಗೊಂಡು 238 ಮಂದಿ ಸತ್ತರು. ಸ್ಫೋಟಕ ಇಟ್ಟದ್ದರಿಂದಲೇ ಹೀಗಾಯಿತೆಂದು ಬ್ರಿಟಿಷ್ ವಿಚಾರಣೆ ಹೇಳಿತು. ಸಂಶಯ ಹೋದದ್ದು ಒಮಾನಿನ ಬಂಡುಕೋರರ ಮೇಲೆ. ಆ ಹಡಗಿನ ಅವಶೇಷ ಈಗ ಡೈವರ್‌ಗಳು ಇಳಿಯುವ ಜಾಗ.

ಈಚಿನ ಕೆಲವನ್ನು ಮಾತ್ರ ಹೇಳುವುದಾದರೆ, 2019ರ ಮೇ 12ರಂದು ಫುಜೈರಾದ ಹೊರಗೆ ಲಂಗರು ಹಾಕಿದ್ದ ನಾಲ್ಕು ಹಡಗುಗಳ ಮೇಲೆ ದಾಳಿಯಾಯಿತು. 2022ರ ಜನವರಿ 17ರಂದು ಅಬುಧಾಬಿಯ ಮುಸಫ್ಫಾದ ಮೇಲೆ ಯೆಮೆನಿನ ಹೂತಿ ಬಂಡುಕೋರರು ನಡೆಸಿದ ದಾಳಿಯಲ್ಲಿ ಇಬ್ಬರು ಭಾರತೀಯರೂ ಒಬ್ಬ ಪಾಕಿಸ್ತಾನಿಯೂ ತೀರಿಕೊಂಡರು. 2025ರ ಜೂನ್ 23ರ ರಾತ್ರಿ ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆಯತ್ತ ಕ್ಷಿಪಣಿ ಹಾರಿಸಿದಾಗ ಸುತ್ತಲಿನ ದೇಶಗಳ ಆಕಾಶ ಕೆಲ ಗಂಟೆ ಮುಚ್ಚಿತು. ಭಾರತದಿಂದ ಹೊರಟಿದ್ದ ವಿಮಾನಗಳು ಅರ್ಧ ದಾರಿಯಿಂದ ಹಿಂದಿರುಗಿದವು. ಗಮನಿಸಿ, ಆ ರಾತ್ರಿ ದುಬೈನಲ್ಲಿ ಏನೂ ಬೀಳಲಿಲ್ಲ, ಆದರೂ ವಿಮಾನ ನಿಲ್ದಾಣದಲ್ಲಿ ಜನ ಸಿಕ್ಕಿಹಾಕಿಕೊಂಡರು.

ಭೂಪಟವನ್ನೂ ಒಮ್ಮೆ ನೋಡಿಬಿಡಿ. ಯುಎಇಗೆ ಎರಡು ಕರಾವಳಿ. ದುಬೈ, ಅಬುಧಾಬಿ ಇರುವುದು ಕೊಲ್ಲಿಯ ಒಳಗೆ. ಅಲ್ಲಿ ನೀರು ಆಳವಿಲ್ಲದ್ದು, ಮಬ್ಬು. ಚೆನ್ನಾದ ಡೈವಿಂಗ್ ಇರುವುದು ಹಜರ್ ಬೆಟ್ಟಸಾಲಿನ ಆಚೆ, ಖೋರ್ ಫಕ್ಕಾನ್, ಅಲ್ ಅಖಾ, ದಿಬ್ಬಾ ಸಾಲಿನಲ್ಲಿ. ಇದು ಒಮಾನ್ ಕೊಲ್ಲಿ, ಹೊರ್ಮುಜ್‌ನ ಹೊರಗೆ. ದಿಬ್ಬಾದಿಂದ ಬೋಟಿನಲ್ಲಿ ಉತ್ತರಕ್ಕೆ ಲಿಮಾ ರಾಕ್ ಕಡೆ ಹೋದರೆ ನೀವು ಒಮಾನಿನ ಮುಸಂದಂ ಪ್ರಾಂತ್ಯದಲ್ಲಿದ್ದೀರಿ, ಜಲಸಂಧಿಗೆ ಹತ್ತಿರವಾಗುತ್ತಿದ್ದೀರಿ. ಹಾಗಾಗಿ "ದುಬೈಗೆ ಡೈವಿಂಗ್‌ಗೆ ಹೋಗುತ್ತಿದ್ದೇವೆ" ಎನ್ನುವುದು ಒಂದೇ ನಿರ್ಧಾರದಂತೆ ಕಂಡರೂ ಅದರೊಳಗೆ ಮೂರು ಬೇರೆ ಬೇರೆ ಜಾಗಗಳಿವೆ, ಮೂರು ಬೇರೆ ಬೇರೆ ಅಪಾಯಗಳಿವೆ.

ಡೈವರ್‌ಗೆ ಲೆಕ್ಕ ಬೇರೆ, ಯಾಕೆ?

ಬುರ್ಜ್ ಖಲೀಫಾ ನೋಡಲು ಬಂದವರಿಗೆ ಗಾಬರಿಯಾದರೆ ಮುಂದಿನ ವಿಮಾನ ಹತ್ತಬಹುದು. ನೀರಿಗಿಳಿದವರಿಗೆ ಆ ಅನುಕೂಲವಿಲ್ಲ. ಕಾರಣ ನೈಟ್ರೋಜನ್.

ನೀರಿನಡಿ ಪ್ರತಿ ಹತ್ತು ಮೀಟರಿಗೆ ಸುತ್ತಲಿನ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 18 ಮೀಟರ್ ಆಳದಲ್ಲಿ ನೀವು ಉಸಿರಾಡುವ ಗಾಳಿ ದಡದಲ್ಲಿ ಉಸಿರಾಡುವುದಕ್ಕಿಂತ ಸುಮಾರು ಮೂರು ಪಟ್ಟು ಸಾಂದ್ರ. ಅದರಲ್ಲಿನ ನೈಟ್ರೋಜನ್ ರಕ್ತಕ್ಕೂ ಮಾಂಸಖಂಡಕ್ಕೂ ಕೊಬ್ಬಿಗೂ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅದಕ್ಕೂ ಮುಂಚೆ ವಿಮಾನ ಹತ್ತಿದರೆ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಕೀಲುನೋವಿನಿಂದ ಹಿಡಿದು ಕಾಲಿನ ಸ್ವಾಧೀನ ತಪ್ಪುವವರೆಗೆ ಏನು ಬೇಕಾದರೂ ಆಗಬಹುದು.

ಅದಕ್ಕೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್ (ಡ್ಯಾನ್) ಕೊಟ್ಟಿರುವ ಸೂಚನೆ ಇದು: ಒಂದೇ ಸಾಮಾನ್ಯ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನದ ಡೈವಿಂಗ್ ಆದರೆ ಕನಿಷ್ಠ 18 ಗಂಟೆ, ಮೇಲೇರುವಾಗ ನಡುವೆ ನಿಂತು ಬರಬೇಕಾದ (ಡಿಕಂಪ್ರೆಶನ್ ನಿಲುಗಡೆಯ) ಡೈವ್ ಆದರೆ 18 ಗಂಟೆಗಿಂತ ಸಾಕಷ್ಟು ಹೆಚ್ಚು ಹೊತ್ತು ಕಾದು ವಿಮಾನ ಹತ್ತಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಕೊನೆಯ ಡೈವ್ ಮುಗಿಯಿತು ಎಂದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಒಂಬತ್ತರ ಮೊದಲು ವಿಮಾನ ಹತ್ತುವ ಹಾಗಿಲ್ಲ. ನಡುರಾತ್ರಿ ಎರಡು ಗಂಟೆಗೆ "ಆಕಾಶ ಮುಚ್ಚುವ ಮೊದಲು ಇರುವುದು ಇದೊಂದೇ ವಿಮಾನ, ಹತ್ತಿ" ಎಂದು ಯಾರಾದರೂ ಹೇಳಿದರೆ, ಪಕ್ಕದವರು ಹತ್ತುತ್ತಾರೆ, ನೀವು ನೋಡುತ್ತ ನಿಲ್ಲಬೇಕು.

ನನ್ನ ದೃಷ್ಟಿಯಲ್ಲಿ ಇಡೀ ನಿರ್ಧಾರದ ತಿರುಳು ಇದೇ. ಅವಸರದಲ್ಲಿ ಹೊರಡಬೇಕಾಗಬಹುದು ಎನ್ನುವ ಅನುಮಾನವೇ ಇರುವ ವಾರದಲ್ಲಿ ಡೈವಿಂಗ್ ಬೇಡ. ಆ ವಾರ ಬೇರೆ ಪ್ರವಾಸ ಮಾಡಿದರೂ ಪರವಾಗಿಲ್ಲ.

ಹೆಜ್ಜೆ ಹೆಜ್ಜೆಯಾಗಿ

1. ಮೊದಲು ಸರ್ಕಾರದ ಮಾತು. ಭಾರತದ ವಿದೇಶಾಂಗ ಸಚಿವಾಲಯ, ಅಬುಧಾಬಿಯ ರಾಯಭಾರ ಕಚೇರಿ, ದುಬೈನ ಕಾನ್ಸುಲೇಟ್ ಹೊರಡಿಸುವ ಸೂಚನೆಗಳನ್ನು ನೇರವಾಗಿ ಅವರ ಪುಟದಲ್ಲೇ ಓದಿ, ಫಾರ್ವರ್ಡ್ ಆಗಿ ಬಂದದ್ದನ್ನಲ್ಲ. "ಅನಗತ್ಯ ಪ್ರಯಾಣ ಬೇಡ" ಎಂದಿದ್ದರೆ ಮುಂದಿನ ಹೆಜ್ಜೆಗಳನ್ನು ಓದುವ ಅಗತ್ಯವೇ ಇಲ್ಲ. ಡೈವಿಂಗ್‌ಗಿಂತ ಅನಗತ್ಯ ಪ್ರಯಾಣ ಇನ್ನೊಂದಿಲ್ಲ! ಮುಸಂದಂಗೆ ಹೋಗುವವರು ಒಂದು ವಿಷಯ ನೆನಪಿಡಿ: ಅಲ್ಲಿ ತೊಂದರೆಯಾದರೆ ನಿಮಗೆ ಸಂಬಂಧಿಸಿದ್ದು ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿ, ದುಬೈನದ್ದಲ್ಲ.

2. ಜಾಗವನ್ನು ಇಳಿಸಿಕೊಳ್ಳಿ. ಪರಿಸ್ಥಿತಿ ಅನುಮಾನ ಹುಟ್ಟಿಸುವಂತಿದ್ದರೆ ಮೊದಲು ಕೈಬಿಡಬೇಕಾದ್ದು ಮುಸಂದಂ ಬೋಟ್ ಪ್ರವಾಸ. ಗಡಿ ದಾಟಬೇಕು, ಬೋಟಿನಲ್ಲಿ ದೂರ ಸಾಗಬೇಕು, ಹತ್ತಿರದಲ್ಲಿ ಊರಿಲ್ಲ. ಅದರ ನಂತರ ಬಿಡಬೇಕಾದ್ದು ಲಂಗರು ಹಾಕಿದ ಟ್ಯಾಂಕರುಗಳ ದಿಕ್ಕಿಗಿರುವ ಹೊರಗಿನ ಜಾಗಗಳು. ಫುಜೈರಾ ಹಡಗುಗಳಿಗೆ ಇಂಧನ ತುಂಬುವ ಜಗತ್ತಿನ ದೊಡ್ಡ ಬಂದರುಗಳಲ್ಲೊಂದು. ಹೊರ್ಮುಜ್ ತಪ್ಪಿಸಿ ತೈಲ ಸಾಗಿಸಲು ಹಬ್ಶಾನಿನಿಂದ ಹಾಕಿದ ಕೊಳವೆಮಾರ್ಗವೂ 2012ರಿಂದ ಇಲ್ಲಿಗೇ ಬಂದು ಮುಟ್ಟುತ್ತದೆ. ಹಾಗಾಗಿ ಸಿಟ್ಟಿದ್ದವರ ಕಣ್ಣು ಬೀಳುವ ಜಾಗ ಇದು. ಅಲ್ ಅಖಾದ ಸ್ನೂಪಿ ದ್ವೀಪ ದಡದಿಂದ ಈಜಿಕೊಂಡೇ ಮುಟ್ಟುವಷ್ಟು ಹತ್ತಿರ, ಆಳವೂ ಹತ್ತು ಮೀಟರಿನ ಒಳಗೆ. ಏನಾದರೂ ಆದರೆ ನಡೆದುಕೊಂಡು ರೂಮಿಗೆ ಬರುತ್ತೀರಿ.

3. ಡೈವ್ ಸೆಂಟರಿಗೆ ಫೋನು ಮಾಡಿ, ಮೆಸೇಜಲ್ಲ. ಕೇಳಬೇಕಾದ್ದು ಇಷ್ಟು. ಕೋಸ್ಟ್ ಗಾರ್ಡ್ ಬೋಟು ಬಿಡದ ದಿನ ನನ್ನ ಹಣ ವಾಪಸೋ, ಬೇರೆ ದಿನವೋ? ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯೇ, ವಿಎಚ್‌ಎಫ್ ರೇಡಿಯೋ ಇದೆಯೇ? ಹತ್ತಿರದ ಡಿಕಂಪ್ರೆಶನ್ ಚೇಂಬರ್ ಯಾವ ಆಸ್ಪತ್ರೆಯಲ್ಲಿದೆ, ಅದು ಈ ವಾರ ನಡೆಯುತ್ತಿದೆಯೇ? ಕೊನೆಯದಾಗಿ, ಜಿಪಿಎಸ್ ಕೆಟ್ಟರೆ ತಾಂಡೇಲ (ಬೋಟು ನಡೆಸುವವ) ದಾರಿ ಹುಡುಕುವುದು ಹೇಗೆ?

ಕೊನೆಯ ಪ್ರಶ್ನೆ ಕೇಳಿ ನಕ್ಕರೆ ನಗಲಿ. ಉದ್ವಿಗ್ನತೆ ಏರಿದಾಗ ಈ ಭಾಗದಲ್ಲಿ ಜಿಪಿಎಸ್ ಸಂಕೇತಕ್ಕೆ ಅಡ್ಡಿ ಮಾಡುವುದು ಮಾಮೂಲು. ಪರದೆಯ ಮೇಲೆ ಹಡಗು ಮರಳುಗಾಡಿನ ನಡುವೆ ನಿಂತಂತೆ ಕಾಣುತ್ತದೆ. 2025ರ ಜೂನ್ 17ರಂದು, ಇಂಥದೇ ಅಡ್ಡಿಯ ದಿನಗಳಲ್ಲಿ, 'ಫ್ರಂಟ್ ಈಗಲ್' ಮತ್ತು 'ಅಡಲಿನ್' ಎಂಬ ಎರಡು ಟ್ಯಾಂಕರುಗಳು ಖೋರ್ ಫಕ್ಕಾನ್ ಆಚೆ ಢಿಕ್ಕಿ ಹೊಡೆದು ಬೆಂಕಿ ಹತ್ತಿತು. ಯುಎಇ ಕೋಸ್ಟ್ ಗಾರ್ಡ್ 24 ಮಂದಿಯನ್ನು ಬಂದರಿಗೆ ತಂದಿತು. ನೌಕಾಯಾನದ ತಪ್ಪು ಅಂದಾಜೇ ಕಾರಣವೆಂದು ಅಧಿಕಾರಿಗಳು ಹೇಳಿದರು. ಕಾರಣ ಏನೇ ಇರಲಿ, ಸಣ್ಣ ಬೋಟಿನವನಿಗೆ ದಡದ ಬೆಟ್ಟದ ಆಕಾರ ನೋಡಿ ಡೈವ್ ಜಾಗ ಗುರುತಿಸಲು ಬರಬೇಕು. ಹಳೆಯ ತಾಂಡೇಲರಿಗೆ ಅದು ಬರುತ್ತದೆ. ನಿಮ್ಮ ಬಳಿಯೂ ನೀರ ಮೇಲೆ ಎದ್ದು ನಿಲ್ಲುವ ಕಿತ್ತಳೆ ಬಣ್ಣದ ಮಾರ್ಕರ್ ಬಲೂನು, ಸೀಟಿ ಇರಲಿ. ಬೋಟು ನಿಮ್ಮನ್ನು ಹುಡುಕುವುದು ಕಣ್ಣಿನಿಂದ.

4. ಇನ್ಶೂರೆನ್ಸ್ ಪಾಲಿಸಿಯ ಹಿಂದಿನ ಪುಟಗಳನ್ನು ಓದಿ. ಮುಂದಿನ ಪುಟದಲ್ಲಿ ಸಿಗುವುದು ನಗುವ ಕುಟುಂಬದ ಚಿತ್ರ. ಹಿಂದೆ, ಸಣ್ಣ ಅಕ್ಷರದಲ್ಲಿ, ಯಾವುದಕ್ಕೆ ಹಣ ಕೊಡುವುದಿಲ್ಲ ಎನ್ನುವ ಪಟ್ಟಿ ಇರುತ್ತದೆ. ಅದರಲ್ಲಿ ಮೊದಲು 'ಯುದ್ಧ' ಹುಡುಕಿ. ಬಹುತೇಕ ಪಾಲಿಸಿಗಳಲ್ಲಿ ಯುದ್ಧ, ಆಕ್ರಮಣ, ಅಂತರ್ಯುದ್ಧ, ಘೋಷಿತವೋ ಅಘೋಷಿತವೋ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೊರಗಿಟ್ಟಿರುತ್ತಾರೆ. ಭಯೋತ್ಪಾದನೆಗೆ ಕೆಲವು ಕಂಪನಿಗಳು ಬೇರೆ ನಿಯಮ ಇಟ್ಟಿರುತ್ತವೆ, ಅದನ್ನೂ ನೋಡಿ. ಎರಡನೆಯದಾಗಿ 'ಸಾಹಸ ಕ್ರೀಡೆ'. ಸ್ಕೂಬಾ ಅದರೊಳಗೆ ಬಂದರೆ ಹೆಚ್ಚುವರಿ ಪ್ರೀಮಿಯಂ ಕಟ್ಟದೆ ನೀರಿನಡಿ ಆದದ್ದಕ್ಕೆ ಒಂದು ಪೈಸೆಯೂ ಬರದು. ಕಟ್ಟಿದರೂ ಆಳದ ಮಿತಿ ಇರಬಹುದು, ಸರ್ಟಿಫಿಕೇಟ್ ಇರಬೇಕೆನ್ನಬಹುದು. ಮೂರನೆಯದು ದಿನಾಂಕ. ಸುದ್ದಿಯಾದ ಮೇಲೆ ಕೊಂಡ ಪಾಲಿಸಿ ಅದೇ ಸುದ್ದಿಯಿಂದಾದ ನಷ್ಟಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮೊದಲೇ ಗೊತ್ತಿದ್ದ ಘಟನೆ ಎನ್ನುತ್ತಾರೆ. ಗೊಂದಲವಿದ್ದರೆ "ಆಕಾಶ ಮುಚ್ಚಿ ನಾನು ಮೂರು ದಿನ ಹೋಟೆಲಿನಲ್ಲಿ ಉಳಿದರೆ ಕೊಡುತ್ತೀರಾ?" ಎಂದು ಇಮೇಲ್ ಮಾಡಿ, ಉತ್ತರವನ್ನು ಉಳಿಸಿಕೊಳ್ಳಿ. ಏಜೆಂಟ್ ಫೋನಿನಲ್ಲಿ "ಎಲ್ಲ ಕವರ್ ಆಗ್ತದೆ" ಎಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚೇಂಬರ್ ಚಿಕಿತ್ಸೆಯ ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತದೆ, ಡ್ಯಾನ್‌ನಂಥ ಡೈವಿಂಗ್‌ಗೆಂದೇ ಇರುವ ವಿಮೆಗಳು ಹುಟ್ಟಿದ್ದು ಅದಕ್ಕೇ.

5. ಡೈವ್ ಮೊದಲು, ತಿರುಗಾಟ ಆಮೇಲೆ. ಊರಿಗೆ ಮರಳುವ ವಿಮಾನಕ್ಕೂ ಕೊನೆಯ ಡೈವ್‌ಗೂ ನಡುವೆ ಎರಡು ಪೂರ್ತಿ ದಿನ ಬಿಡಿ. ವಿಮಾನವನ್ನು ಒಂದು ದಿನ ಮುಂದೂಡಿದರೂ ತೊಂದರೆಯಿಲ್ಲ, ಮುಂಚಿತವಾಗಿ ಹೊರಡಬೇಕಾದರೂ ದೇಹ ಸಿದ್ಧವಿರುತ್ತದೆ. ಆ ಎರಡು ದಿನದಲ್ಲಿ 1,900 ಮೀಟರಿಗೂ ಮಿಕ್ಕಿದ ಜೆಬೆಲ್ ಜೈಸ್ ಬೆಟ್ಟ ಹತ್ತುವ ಯೋಚನೆ ಇದ್ದರೆ ಅದನ್ನು ಎರಡನೆಯ ದಿನಕ್ಕೆ ಇಡಿ. ಕಾರಿನಲ್ಲಿ ಏರಿದರೂ ಎತ್ತರ ಎತ್ತರವೇ.

6. ವೀಸಾ ನೋಡಿ. ಊರಿನಿಂದ ಒಂದೇ ಪ್ರವೇಶದ ವೀಸಾದಲ್ಲಿ ಬಂದವರು ಗಡಿ ದಾಟಿ ಒಮಾನಿಗೆ ಹೋದರೆ ಮರಳುವಾಗ ಯುಎಇ ವೀಸಾ ಮುಗಿದಿರಬಹುದು. ಶಾಂತ ದಿನಗಳಲ್ಲೇ ಇದು ತಲೆನೋವು, ಗಡಿ ಬಿಗಿಯಾದ ದಿನ ಕೇಳುವುದೇ ಬೇಡ. ಬೋಟ್ ಪ್ರವಾಸಕ್ಕೆ ಸೆಂಟರಿನವರು ಪಾಸ್‌ಪೋರ್ಟ್ ಪ್ರತಿ ಕೇಳಿ ಅನುಮತಿ ಮಾಡಿಸುವ ಕ್ರಮ ಇದೆ. ಆ ಅನುಮತಿ ನಿಮ್ಮ ವೀಸಾ ಮಾದರಿಗೆ ಹೊಂದುತ್ತದೆಯೇ ಎಂದು ಬರಹದಲ್ಲಿ ಕೇಳಿ. ನಿವಾಸಿಗಳಿಗೂ ತವರಿನಿಂದ ಬಂದ ತಂಗಿಗೂ ನಿಯಮ ಒಂದೇ ಅಲ್ಲ.

7. ನಂಬರುಗಳು ಮತ್ತು ನಗದು. ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998, ಕೋಸ್ಟ್ ಗಾರ್ಡ್ 996. ಒಮಾನಿನಲ್ಲಿ 9999. ಫೋನಿನಲ್ಲಿಟ್ಟರೆ ಸಾಲದು, ಒಂದು ಚೀಟಿಯಲ್ಲೂ ಬರೆದಿಡಿ. ಮೂರು ದಿನದ ಊಟ, ವಸತಿಗಾಗುವಷ್ಟು ದಿರ್ಹಂ, ಒಂದು ವಾರದ ಬಿಪಿ, ಸಕ್ಕರೆ ಮಾತ್ರೆ ಹೆಚ್ಚಿಗೆ ಇರಲಿ.

ಎಲ್ಲರೂ ಮಾಡುವ ತಪ್ಪುಗಳು

ದೂರವನ್ನು ಹೆಸರಿನಿಂದ ಅಳೆಯುವುದು ಮೊದಲನೆಯದು. 2023ರ ನವೆಂಬರಿನಲ್ಲಿ ಹೂತಿಗಳು 'ಗ್ಯಾಲಕ್ಸಿ ಲೀಡರ್' ಹಡಗನ್ನು ವಶಪಡಿಸಿಕೊಂಡ ಮೇಲೆ "ಕೆಂಪು ಸಮುದ್ರ" ಎಂದೊಡನೆ ಜನ ಈಜಿಪ್ಟಿನ ಡೈವಿಂಗ್ ರದ್ದು ಮಾಡತೊಡಗಿದರು. ದಾಳಿಗಳು ನಡೆದದ್ದು ದಕ್ಷಿಣ ತುದಿಯಲ್ಲಿ, ಈಜಿಪ್ಟಿನ ಡೈವಿಂಗ್ ಊರಾದ ಹುರ್ಗಾದಾ ಇರುವುದು ಅಲ್ಲಿಂದ ಸಾವಿರದೈನೂರು ಕಿಲೋಮೀಟರಿಗೂ ಆಚೆ. ಅದೇ ಈಜಿಪ್ಟಿನಲ್ಲಿ 2024ರ ನವೆಂಬರ್ 25ರಂದು ಡೈವರ್‌ಗಳನ್ನು ಹೊತ್ತ 'ಸೀ ಸ್ಟೋರಿ' ಬೋಟು ಅಲೆಗೆ ಮಗುಚಿ ಹನ್ನೊಂದು ಮಂದಿ ಸತ್ತರು ಅಥವಾ ಕಾಣೆಯಾದರು. ಅದಕ್ಕೂ ಕ್ಷಿಪಣಿಗೂ ಸಂಬಂಧವಿಲ್ಲ. ಯುದ್ಧದ ಭಯದಲ್ಲಿ ಬೋಟಿನ ಸ್ಥಿತಿ, ಲೈಫ್ ಜಾಕೆಟ್, ಹೊರಬರುವ ದಾರಿ ನೋಡುವುದನ್ನು ಮರೆಯುವುದೇ ಹೆಚ್ಚು ಅಪಾಯ. ಫುಜೈರಾದಲ್ಲೂ ಡೈವ್ ರದ್ದಾಗುವುದು ಹೆಚ್ಚಾಗಿ ಗಾಳಿಯಿಂದ, ಕೆಂಪು ಪಾಚಿಯಿಂದ. 2008–09ರಲ್ಲಿ ಆ ಪಾಚಿ ತಿಂಗಳುಗಟ್ಟಲೆ ನಿಂತು ಹವಳವನ್ನೇ ಕೊಂದಿತ್ತು.

ಟಿಕೆಟ್ ಹಣ ಹಾಳಾಗುತ್ತದೆಂದು ಹೊರಡುವುದು ಇನ್ನೊಂದು. ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಹಣ ಬರುತ್ತದೆ, ನೀವೇ ಮಾಡಿದರೆ ಕಡಿತವಾಗುತ್ತದೆ. ಹೀಗಾಗಿ ಬೇಡವೆಂದು ನಿರ್ಧರಿಸಿದರೂ ಕೂಡಲೇ ರದ್ದು ಒತ್ತಬೇಡಿ. ಕಂಪನಿ ಉಚಿತ ದಿನಾಂಕ ಬದಲಾವಣೆ ಕೊಡುತ್ತದೆಯೇ ಎಂದು ಮೊದಲು ನೋಡಿ.

ಗುಂಪಿನ ಮುಲಾಜು ಮೂರನೆಯದು, ನನಗೆ ಎಲ್ಲಕ್ಕಿಂತ ಕೆಟ್ಟದೆನಿಸುವುದೂ ಅದೇ. ಹತ್ತು ಜನ ಸೇರಿ ಬೋಟು ಹಿಡಿದಿರುತ್ತಾರೆ, ಒಬ್ಬರಿಗೆ ಧೈರ್ಯ ಸಾಲುವುದಿಲ್ಲ, ಹೇಳಲು ಸಂಕೋಚ. ಹೆದರಿದ ಡೈವರ್ ವೇಗವಾಗಿ ಉಸಿರಾಡುತ್ತಾನೆ, ಗಾಳಿ ಬೇಗ ಮುಗಿಯುತ್ತದೆ, ಗಾಬರಿಯಲ್ಲಿ ಸರ್ರನೆ ಮೇಲೆ ಬರುತ್ತಾನೆ. ಡೈವಿಂಗ್‌ನ ಅನಾಹುತಗಳಲ್ಲಿ ದೊಡ್ಡ ಪಾಲು ಶುರುವಾಗುವುದೇ ಹೀಗೆ. ಯಾರಾದರೂ ಬರುವುದಿಲ್ಲ ಎಂದರೆ "ಯಾಕೆ" ಎಂದು ಕೇಳದಿರುವ ಕ್ರಮವನ್ನು ಗುಂಪಿನವರು ಮೊದಲೇ ಒಪ್ಪಿಕೊಳ್ಳಲಿ.

ಎಚ್ಚರ

ಆಕಾಶದಲ್ಲಿ ಬೆಳಕು ಕಂಡರೆ, ಹೊಗೆ ಕಂಡರೆ, ಯುದ್ಧನೌಕೆ ಕಂಡರೆ ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಬೇಡಿ. 2022ರ ದಾಳಿಯ ನಂತರ ಕ್ಷಿಪಣಿ ತಡೆದ ದೃಶ್ಯ ಹಂಚಿದವರನ್ನು ಯುಎಇ ಅಟಾರ್ನಿ ಜನರಲ್ ವಿಚಾರಣೆಗೆ ಕರೆಸಿದ್ದರು. ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ಸುಳ್ಳು ಸುದ್ದಿ ಹಬ್ಬಿಸಿದರೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಂ ದಂಡ. ಬಿಕ್ಕಟ್ಟಿನ ಹೊತ್ತಿನಲ್ಲಾದರೆ ಎರಡೂ ದುಪ್ಪಟ್ಟು. "ನಾನು ಫಾರ್ವರ್ಡ್ ಮಾಡಿದ್ದಷ್ಟೇ" ಎನ್ನುವುದು ಉತ್ತರವಾಗುವುದಿಲ್ಲ.

ಸುರಕ್ಷತೆಗೆಂದು ಸ್ಯಾಟಲೈಟ್ ಫೋನು ಅಥವಾ ಉಪಗ್ರಹ ಸಂದೇಶದ ಸಾಧನ ಕೊಳ್ಳುವ ಯೋಚನೆ ಕೆಲವರಿಗೆ ಬರುತ್ತದೆ. ಅನುಮತಿಯಿಲ್ಲದೆ ಅದನ್ನು ಭಾರತದ ವಿಮಾನ ನಿಲ್ದಾಣಕ್ಕೆ ತಂದರೆ ಬಂಧನವಾಗಬಹುದು. ಗೋವಾದಲ್ಲಿ ವಿದೇಶಿ ಪ್ರವಾಸಿಗರು ಹೀಗೆ ಸಿಕ್ಕಿಬಿದ್ದಿದ್ದಾರೆ.

ಬೇಡ ಎಂದು ತೀರ್ಮಾನಿಸಿದರೆ

ನೀರು ಬಿಡಬೇಕಾಗಿಲ್ಲ. ದುಬೈನ ನದ್ ಅಲ್ ಶೆಬಾದಲ್ಲಿ 2021ರಲ್ಲಿ ತೆರೆದ ಡೀಪ್ ಡೈವ್ ದುಬೈ ಇದೆ: 60 ಮೀಟರ್ ಆಳದ ಕೊಳ, 1.4 ಕೋಟಿ ಲೀಟರ್ ಸಿಹಿನೀರು, 30 ಡಿಗ್ರಿ ಬೆಚ್ಚಗೆ, ತಳದಲ್ಲಿ ಮುಳುಗಿದ ನಗರದಂತೆ ಕಟ್ಟಿದ ಬೀದಿಗಳು. ಮೀನಿಲ್ಲ, ನಿಜ. ಗಡಿ, ಬೋಟು, ಜಿಪಿಎಸ್ ಯಾವುದರ ಗೊಡವೆಯೂ ಇಲ್ಲ. ವಿಮಾನಕ್ಕೆ ಮೊದಲು ಕಾಯುವ ಗಂಟೆಗಳು ಮಾತ್ರ ಇಲ್ಲಿಗೂ ಅನ್ವಯ, ಒತ್ತಡಕ್ಕೆ ಕೊಳವೂ ಒಂದೇ ಸಮುದ್ರವೂ ಒಂದೇ.

ಡೈವಿಂಗ್ ಕಲಿಕೆಯ ಕೋರ್ಸಿಗೆ ಸೇರಿದವರು ಹಣ ಹೋಯಿತೆಂದು ಕೊರಗಬೇಕಿಲ್ಲ. ಪಾಠ ಮತ್ತು ಈಜುಕೊಳದ ಅಭ್ಯಾಸ ದುಬೈನಲ್ಲಿ ಮುಗಿಸಿ, ರೆಫರಲ್ ಪತ್ರ ಪಡೆದು, ಸಮುದ್ರದ ನಾಲ್ಕು ಡೈವ್‌ಗಳನ್ನು ಬೇರೆ ಊರಿನಲ್ಲಿ ಮಾಡಬಹುದು. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಪದ್ಧತಿಯಲ್ಲಿ ಅದಕ್ಕೆ ಹನ್ನೆರಡು ತಿಂಗಳ ಅವಕಾಶವಿದೆ. ಕರಾವಳಿಯವರಿಗೆ ಆ ಬೇರೆ ಊರು ತವರಿನ ಪಕ್ಕದಲ್ಲೇ ಇದೆ: ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ ನೇತ್ರಾಣಿ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಗಾಗಿ ನೀರಿಗಿಳಿದ ದ್ವೀಪ. ನಮ್ಮದೇ ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸಿದ ದ್ವೀಪವೂ ಅದೇ ಎನ್ನುವುದನ್ನು ಅಮ್ಮನಿಗೆ ಹೇಳಬೇಡಿ. ಮಳೆಗಾಲದಲ್ಲಿ ಅಲ್ಲಿಗೆ ಬೋಟು ಹೋಗುವುದಿಲ್ಲ. ಜೂನ್‌ನಲ್ಲಿ ಫುಜೈರಾ ರದ್ದಾದರೆ ಮುರ್ಡೇಶ್ವರಕ್ಕೆ ದಿನಾಂಕ ನೋಡಬೇಕಾದ್ದು ಅಕ್ಟೋಬರ್ ಕೊನೆಯ ನಂತರ, ದೀಪಾವಳಿ ರಜೆಯ ಜನಸಂದಣಿ ಇಳಿದ ಮೇಲೆ.